ಹೀಟರ್ ಸರಿಯಾಗಿಯೇ ಇತ್ತು

“ಹೀಟರ್ ಕೆಟ್ಟೋಗಿದೆ ಮೇಡಂ. ಬರುವಾಗ ಹೊಸ ಕಾಯಿಲ್ ತಗೊಂಡೇ ಬನ್ನಿ.”

ಜಂಗಮಕೋಟೆಯ ಆಚೆಗಿನ ಹಳ್ಳಿಯೊಂದರ ಚಾಕಿ ಕೇಂದ್ರದಿಂದ ಬಂದ ಫೋನು ಅದು. ಕಾಯಿಲೆ ಏನೆಂದು ನೋಡುವ ಮೊದಲೇ ಮಾತ್ರೆಯ ಹೆಸರು ಹೇಳುವ ಗಿರಾಕಿಗಳು ನನಗೆ ಹೊಸಬರಲ್ಲ. ನಾನು ಕೆಲಸ ಮಾಡುವ ಅಂಗಡಿ ಚಿಕ್ಕಬಳ್ಳಾಪುರದಲ್ಲಿದೆ. ರೇಷ್ಮೆ ಹುಳು ಸಾಕುವ ಮನೆಗಳಿಗೆ ಹೀಟರು, ತೇವಾಂಶದ ಯಂತ್ರಗಳನ್ನು ಮಾರುತ್ತೇವೆ. ಮಾರುವುದು ಅಂಗಡಿ ಮಾಲೀಕರ ಕೆಲಸ, ಮಾರಿದ್ದು ಕೆಟ್ಟಾಗ ಹೋಗಿ ಬೈಸಿಕೊಳ್ಳುವುದು ನನ್ನ ಕೆಲಸ. ನನ್ನ ಮನೆ ಶಿಡ್ಲಘಟ್ಟದಲ್ಲೇ ಇರುವುದರಿಂದ ಆ ತಾಲ್ಲೂಕಿನ ಬೈಗುಳವೆಲ್ಲ ನನ್ನ ಪಾಲಿಗೇ ಬರುತ್ತದೆ.

ಚಳಿ ಚೆನ್ನಾಗಿ ಕಚ್ಚುತ್ತಿದ್ದ ಕಾಲ. ಮೊಟ್ಟೆಯೊಡೆದು ಬಂದ ಹುಳು ಇರುವೆಗಿಂತ ಚಿಕ್ಕದು. ಅದು ಎರಡು ಸಲ ಪೊರೆ ಬಿಡುವ ತನಕ, ನಮ್ಮ ಕಡೆಯ ಮಾತಿನಲ್ಲಿ ಎರಡನೇ ಜ್ವರ ಏಳುವ ತನಕ, ಸಾಕಿ ರೈತರಿಗೆ ಕೊಡುವ ಜಾಗವೇ ಚಾಕಿ ಕೇಂದ್ರ. ಅಷ್ಟು ದಿನ ಕೋಣೆಯ ಬಿಸಿ ಇಪ್ಪತ್ತೇಳು ಡಿಗ್ರಿಯಿಂದ ಇಳಿಯಬಾರದು. ಇಳಿದ ಕೂಡಲೇ ಹುಳುಗಳು ಸಾಯುವುದಿಲ್ಲ. ಮೇವು ಕಡಿಮೆ ಮಾಡುತ್ತವೆ, ಕೆಲವು ಮುಂದೆ ಹೋಗುತ್ತವೆ, ಕೆಲವು ಹಿಂದೆ ಬೀಳುತ್ತವೆ. ಒಂದೇ ತಟ್ಟೆಯಲ್ಲಿ ಅರ್ಧ ಹುಳು ಜ್ವರಕ್ಕೆ ಕೂತು ಇನ್ನರ್ಧ ಸೊಪ್ಪು ಮೇಯುತ್ತಿದ್ದರೆ ಆ ತಟ್ಟೆಯನ್ನು ಯಾವ ರೈತನೂ ಕೊಂಡೊಯ್ಯುವುದಿಲ್ಲ. ನಮ್ಮ ಅಬ್ಬಾ ಗೂಡಿನಿಂದ ನೂಲು ಬಿಚ್ಚುವ ಕಸುಬಿನವರು. ಹುಳು ಒಂದೇ ಸಮ ಬೆಳೆಯದಿದ್ದರೆ ಅದರ ಫಲ ಕೊನೆಗೆ ಯಾರ ಮನೆಯ ಗೂಡು ಬೇಯಿಸುವ ಒಲೆಯ ಮುಂದೆ ಬಂದು ನಿಲ್ಲುತ್ತದೆಂದು ನಾನು ಕಂಡಿದ್ದೇನೆ. ಆದ್ದರಿಂದ ಕಾಯಿಲ್ ಚೀಲಕ್ಕೆ ಹಾಕಿಕೊಂಡು ಅಂದೇ ಹೊರಟೆ.

ಕೇಂದ್ರದ ಯಜಮಾನರದು ಹಳೆಯ ಒಕ್ಕಲು ಮನೆ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ತೋಟದ ಅಂಚಿನಲ್ಲಿ ಹೊಸದಾಗಿ ಕಟ್ಟಿದ ಹುಳು ಮನೆ. ಅಲ್ಲಿ ನಮ್ಮ ಅಂಗಡಿಯಿಂದಲೇ ಹೋದ ಎರಡು ಹೀಟರುಗಳಿದ್ದವು. ಎರಡೂ ಉರಿಯುತ್ತಿದ್ದವು. ಗೋಡೆಯ ಮೇಲಿನ ಥರ್ಮಾಮೀಟರು ಮಾತ್ರ ಇಪ್ಪತ್ತಮೂರರಲ್ಲಿ ನಿಂತಿತ್ತು.

ಹೀಟರಿನ ಬೆನ್ನ ಮೇಲೆ ಇನ್ನೂರ ಮೂವತ್ತು ವೋಲ್ಟ್, ಎರಡು ಸಾವಿರ ವ್ಯಾಟ್ ಎಂದು ಬರೆದಿರುತ್ತದೆ. ವೋಲ್ಟೇಜನ್ನು ವೋಲ್ಟೇಜಿನಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ಒಳಗಿನ ಕಾಯಿಲಿನ ರೋಧ ಎಷ್ಟಿರಬೇಕೆಂದು ತಿಳಿಯುತ್ತದೆ. ಇದಕ್ಕೆ ಇಪ್ಪತ್ತಾರೂವರೆ ಓಮ್ ಬರಬೇಕು. ಎರಡರ ಪ್ಲಗ್ಗೂ ಕಿತ್ತು ಮೀಟರ್ ಹಚ್ಚಿದೆ. ಎರಡಕ್ಕೂ ಅಷ್ಟೇ ಬಂತು. ಪ್ಲಗ್ ಕಿತ್ತ ಸಾಕೆಟ್ಟಿಗೆ ಮೀಟರ್ ಹಚ್ಚಿದೆ. ಇನ್ನೂರ ಹದಿನೆಂಟು ವೋಲ್ಟ್. ಹಳ್ಳಿಯ ಮಟ್ಟಿಗೆ ಅದು ಒಳ್ಳೆಯ ವೋಲ್ಟೇಜೇ.

“ಹೀಟರ್ ಚೆನ್ನಾಗೇ ಇದೆ ಸಾರ್,” ಎಂದೆ.

ಯಜಮಾನರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಚೆನ್ನಾಗಿದ್ರೆ ಬಿಸಿ ಯಾಕಮ್ಮ ಆಗ್ತಿಲ್ಲ? ಚೆನ್ನಾಗಿದೆ ಅಂತ ಹೇಳಿ ಹೋಗಕ್ಕೆ ಶಿಡ್ಲಘಟ್ಟದಿಂದ ಬಂದ್ರಾ?”

ಅದನ್ನು ಹೇಳಬೇಕಾದರೆ ಹೀಟರ್ ಉರಿಯುತ್ತಿರುವಾಗಲೇ ವೈರನ್ನು ಕಚ್ಚಿ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರು ಬೇಕಿತ್ತು. ಅಂಗಡಿಗೆ ಇದ್ದದ್ದು ಒಂದೇ, ಅದು ಗೌರಿಬಿದನೂರಿಗೆ ಹೋಗಿದ್ದ ಸಹೋದ್ಯೋಗಿಯ ಚೀಲದಲ್ಲಿತ್ತು. ಮಾಲೀಕರಿಗೆ ಫೋನ್ ಮಾಡಿದೆ.

“ಲೆಕ್ಕ ಆಮೇಲೆ ಮಾಡ್ಕೊಳ್ಳಮ್ಮ. ಅವ್ರು ಕಾಯಿಲ್ ಕೇಳ್ತಾವ್ರೆ, ಹಾಕಿ ಬಾ.”

“ಕಾಯಿಲ್ ಹೋಗಿಲ್ಲ ಸಾರ್.”

“ಹೋಗದೇ ಇದ್ರೂ ಹಾಕು. ಗಿರಾಕಿಗೆ ಸಮಾಧಾನ ಆಗ್ಬೇಕು.”

ಚೆನ್ನಾಗಿದ್ದ ಕಾಯಿಲ್ ಬಿಚ್ಚಿ ಚೆನ್ನಾಗಿರುವ ಇನ್ನೊಂದು ಕಾಯಿಲ್ ಹಾಕುವಾಗ ಆದ ಬೇಸರವನ್ನು ಹೇಗೆ ಹೇಳಲಿ! ಅಷ್ಟು ಹೊತ್ತಿಗೆ ಬಿಸಿಲೇರಿ ಶೀಟಿನ ಛಾವಣಿ ಕಾದು ಕೋಣೆ ಇಪ್ಪತ್ತಾರಕ್ಕೆ ಬಂತು. “ನೋಡಿದ್ರಾ? ಹಾಕಿದ ತಕ್ಷಣ ಹೆಂಗೆ ಏರ್ತು!” ಎಂದರು ಯಜಮಾನರು. ಅದು ಬಿಸಿಲು ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಕೋಣೆ ಮತ್ತೆ ಇಪ್ಪತ್ತಮೂರಕ್ಕೆ ಇಳಿದಿತ್ತಂತೆ. ಆದರೆ ಅವರು ನನಗೆ ಹೇಳಲಿಲ್ಲ. ನಮ್ಮ ಹೀಟರಿನ ಮೇಲೆ ನಂಬಿಕೆ ಹೋಗಿ ಚಿಂತಾಮಣಿಗೆ ಹೋಗಿ ಮೂರನೆಯದನ್ನು ತಂದರು. ಅದನ್ನು ಹಚ್ಚಿದರೆ ಮೀಟರ್ ಬೋರ್ಡಿನ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದಾಗ ತಾನಾಗಿ ಬೀಳುವ ಸ್ವಿಚ್ಚು, ಪದೇ ಪದೇ ಬೀಳತೊಡಗಿತು. ಊರಿನ ವೈರ್‌ಮನ್ನನ್ನು ಕರೆಸಿದರು. ಹುಳು ಮನೆಗೆ ಲೈನ್ ಎಳೆದವನೂ ಅವನೇ. ಅವನು ಹದಿನಾರು ಆಂಪಿಯರಿನ ಎಂಸಿಬಿ ಕಿತ್ತು ಮೂವತ್ತೆರಡರದ್ದು ಹಾಕಿಕೊಟ್ಟ. ಇದೆಲ್ಲ ನನಗೆ ತಿಳಿದದ್ದು ಯಜಮಾನರು ಮತ್ತೆ ಫೋನ್ ಮಾಡಿದಾಗ.

“ಈಗ ಬೀಳ್ತಿಲ್ಲ ಮೇಡಂ, ಆ ತೊಂದ್ರೆ ಹೋಯ್ತು. ಬಿಸೀನೂ ಒಂದೆರಡು ಡಿಗ್ರಿ ಏರಿದೆ. ಇನ್ನೊಂದು ಹಾಕಿದ್ರೆ ಸರಿಹೋಗ್ತದೆ. ನಿಮ್ಮಲ್ಲಿ ಇದೆಯಾ, ಇಲ್ಲ ಚಿಂತಾಮಣಿಗೇ ಹೋಗ್ಲಾ?”

ನನಗೆ ತಲೆ ಸಿಡಿಯುವಂತಾಯಿತು. ಎಂಸಿಬಿ ಇರುವುದು ಹೀಟರನ್ನು ಕಾಯುವುದಕ್ಕಲ್ಲ, ಗೋಡೆಯೊಳಗಿನ ವೈರನ್ನು ಕಾಯುವುದಕ್ಕೆ. ಬೊಗಳುವ ನಾಯಿಯ ಬಾಯಿ ಕಟ್ಟಿ ಕಳ್ಳರ ಕಾಟ ತಪ್ಪಿತು ಎನ್ನುವಂತಿತ್ತು ಅವರ ಮಾತು. ನಾಲ್ಕನೆಯದನ್ನು ತರಬೇಡಿ, ನಾನೇ ಬರುತ್ತೇನೆ ಎಂದೆ. ಮಾಲೀಕರಿಗೆ ಹೇಳಿದರೆ, “ಕೇಳೋರಿಗೆ ಕೊಡಕ್ಕೆ ನಿಂಗೇನಮ್ಮ ಕಷ್ಟ?” ಎಂದು ನನ್ನನ್ನೇ ಕೇಳಿದರು. ಗೌರಿಬಿದನೂರಿನ ಸಹೋದ್ಯೋಗಿಗೆ ಕಾಡಿ ಬೇಡಿ, ಬಸ್ ಕಂಡಕ್ಟರ್ ಕೈಯಲ್ಲಿ ಕ್ಲ್ಯಾಂಪ್ ಮೀಟರ್ ತರಿಸಿಕೊಂಡೆ.

ಮಾರನೆಯ ಬೆಳಿಗ್ಗೆ ಮಂಜು ಬಿಡುವ ಮೊದಲೇ ಅಲ್ಲಿದ್ದೆ. ಮೂರು ಹೀಟರೂ ಉರಿಯುತ್ತಿದ್ದವು, ಕೋಣೆ ಇಪ್ಪತ್ತೈದು ದಾಟಿರಲಿಲ್ಲ. ಈ ಸಲ ಯಾವ ಪ್ಲಗ್ಗನ್ನೂ ಕೀಳಲಿಲ್ಲ. ಉರಿಯುತ್ತಿದ್ದಂತೆಯೇ ವೋಲ್ಟೇಜ್ ನೋಡಿದೆ. ನೂರ ಅರವತ್ತೆಂಟು. ಕರೆಂಟು ಹತ್ತೊಂಬತ್ತು ಆಂಪಿಯರ್.

ಕೈಯಲ್ಲಿದ್ದ ಮೊಬೈಲಿನಲ್ಲೇ ಲೆಕ್ಕ ಮಾಡಿದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ. ಮೂರೂ ಸೇರಿ ಒಂಬತ್ತು ಓಮಿಗೆ ಸ್ವಲ್ಪ ಕಡಿಮೆ. ಮೂರನ್ನು ಪಕ್ಕಪಕ್ಕ ಹಚ್ಚಿದಾಗ ಒಟ್ಟು ರೋಧ ಒಂದರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ ಒಂದೊಂದಕ್ಕೆ ಇಪ್ಪತ್ತಾರೂವರೆ. ಚಿಂತಾಮಣಿಯದೂ ಸೇರಿ ಹೀಟರುಗಳಲ್ಲಿ ಯಾವ ದೋಷವೂ ಇರಲಿಲ್ಲ. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಶಕ್ತಿ. ಮೂರು ಸಾವಿರದ ಇನ್ನೂರು ವ್ಯಾಟಿಗೆ ಕೊಂಚ ಕಡಿಮೆ.

“ಆರು ಸಾವಿರ ವ್ಯಾಟಿನ ಹೀಟರ್ ಇಟ್ಕೊಂಡಿದ್ದೀರ. ಕೋಣೆಗೆ ಬರ್ತಿರೋದು ಮೂರು ಸಾವಿರ ಚಿಲ್ಲರೆ,” ಎಂದೆ.

“ಅದೆಂಗೆ? ವೋಲ್ಟೇಜ್ ಕಾಲು ಭಾಗ ತಾನೇ ಕಮ್ಮಿ ಇರೋದು?”

“ವೋಲ್ಟೇಜ್ ಕಮ್ಮಿ ಆದ್ರೆ ಕರೆಂಟೂ ಕಮ್ಮಿ ಆಗ್ತದೆ ಸಾರ್. ಎರಡೂ ಕಮ್ಮಿಯಾದ್ಮೇಲೆ ಗುಣಿಸಿದ್ರೆ ಅರ್ಧಕ್ಕೆ ಬರ್ತದೆ.”

“ಮೊನ್ನೆ ನೀವೇ ಇನ್ನೂರ ಹದಿನೆಂಟು ಅಂದ್ರಲ್ಲ?”

ನ್ಯಾಯವಾದ ಪ್ರಶ್ನೆ. ಮೊನ್ನೆ ಅಳೆದದ್ದು ಪ್ಲಗ್ ಕಿತ್ತ ಸಾಕೆಟ್ಟಿನಲ್ಲಿ. ಕರೆಂಟು ಹರಿಯದಿದ್ದರೆ ದಾರಿಯಲ್ಲಿ ನಷ್ಟವೂ ಆಗುವುದಿಲ್ಲ. ಯಜಮಾನರ ಮನೆಯೊಳಗೆ ಹೋಗಿ ಮೀಟರ್ ಬೋರ್ಡಿನಲ್ಲಿ ನೋಡಿದೆ. ಅಲ್ಲಿ ಈಗಲೂ ಇನ್ನೂರ ಹದಿನೆಂಟು. ಅಲ್ಲಿಂದ ಹುಳು ಮನೆಗೆ ಬರುವಷ್ಟರಲ್ಲಿ ಐವತ್ತು ವೋಲ್ಟ್ ಮಾಯ. ಐವತ್ತನ್ನು ಹತ್ತೊಂಬತ್ತರಿಂದ ಗುಣಿಸಿದೆ. ಒಂಬೈನೂರ ಐವತ್ತು ವ್ಯಾಟ್.

ಆ ಅಂಕಿ ನೋಡಿದ ಮೇಲೆ ನನ್ನ ಸಿಟ್ಟಿನ ಬಣ್ಣವೇ ಬದಲಾಯಿತು. ವಿದ್ಯುತ್ತು ಸುಮ್ಮನೆ ಕಳೆದುಹೋಗುವುದಿಲ್ಲ, ಕಳೆದಲ್ಲಿ ಬಿಸಿಯಾಗುತ್ತದೆ. ಒಂದು ಇಸ್ತ್ರಿ ಪೆಟ್ಟಿಗೆಯಷ್ಟು ಬಿಸಿ ಈ ಮನೆಗೂ ಹುಳು ಮನೆಗೂ ನಡುವೆ ಎಲ್ಲೋ ಹಗಲೂ ರಾತ್ರಿ ಹೊಮ್ಮುತ್ತಿತ್ತು.

ವೈರ್‌ಮನ್ನನ್ನು ಕರೆಸಿದೆವು. ಅವನು ಬಂದವನೇ ಎದೆ ಉಬ್ಬಿಸಿ, “ನಾನೇ ಎಳೆದ ಲೈನು. ಬೋರ್ಡಿಂದ ಹುಳದ ಮನೆಗಂಟ ಒಂದೇ ವೈರು, ಎಲ್ಲೂ ಜಾಯಿಂಟ್ ಇಲ್ಲ. ವೈರ್ ಸಣ್ಣದು, ದೂರ ಜಾಸ್ತಿ, ಅಷ್ಟೇ,” ಎಂದ.

ವೈರ್ ಸಣ್ಣದೆಂಬುದು ನಿಜ. ಮನೆಯ ಲೈಟಿಗೆ ಹಾಕುವ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವೈರು ಅದು. ಎಪ್ಪತ್ತು ಮೀಟರ್ ಹೋಗಿ ಎಪ್ಪತ್ತು ಮೀಟರ್ ವಾಪಸ್ ಬರುವ ದಾರಿಗೆ ರೋಧ ಲೆಕ್ಕ ಹಾಕಿದರೆ ಮೂವತ್ತೆರಡು ವೋಲ್ಟಿನ ನಷ್ಟಕ್ಕೆ ಅರ್ಥ ಸಿಗುತ್ತಿತ್ತು. ಅಷ್ಟು ಬಿಸಿ ಉದ್ದಕ್ಕೂ ಹಂಚಿಹೋಗುತ್ತದೆ, ಒಳ್ಳೆಯದಲ್ಲ, ಆದರೆ ಇಂದೇ ಬೆಂಕಿ ಹೊತ್ತುವುದಿಲ್ಲ. ಉಳಿದ ಹದಿನೆಂಟು ವೋಲ್ಟ್ ಎಲ್ಲಿ?

ಅದೇ ಲೈನಿನಿಂದ ಮನೆಯ ಹಿಂದಿನ ಪಡಸಾಲೆಗೆ ಒಂದು ಸಾಕೆಟ್ ಕೊಟ್ಟಿದ್ದರು. ಅಲ್ಲಿ ಅಳೆದೆ. ನೂರ ತೊಂಬತ್ತೊಂದು. ಅಲ್ಲಿಂದಾಚೆ ತೋಟದ ಐವತ್ತು ಮೀಟರಿಗೆ ಇಪ್ಪತ್ತಮೂರು ವೋಲ್ಟ್ ಕಳೆಯುತ್ತಿತ್ತು, ಅದು ವೈರಿನ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಆದರೆ ಮನೆಯೊಳಗಿನ ಬರೀ ಇಪ್ಪತ್ತು ಮೀಟರಿಗೆ ಇಪ್ಪತ್ತೇಳು! ಒಂಬತ್ತಿರಬೇಕಾದಲ್ಲಿ ಇಪ್ಪತ್ತೇಳು. ಹದಿನೆಂಟು ವೋಲ್ಟ್, ಹತ್ತೊಂಬತ್ತು ಆಂಪಿಯರ್, ಮುನ್ನೂರ ನಲವತ್ತು ವ್ಯಾಟ್. ಒಂದೇ ಜಾಗದಲ್ಲಿ, ಮನೆಯೊಳಗೆ.

ನಾನು ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಇದನ್ನೆಲ್ಲ ಹೇಳುತ್ತಿದ್ದಾಗ ಯಜಮಾನರ ತಾಯಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು.

“ಏನಮ್ಮಾ, ಕರೆಂಟಿಗೆ ಮೀನಿನ ವಾಸನೆ ಬರ್ತದಾ?”

“ಅಮ್ಮಾ, ನೀನು ಸುಮ್ನಿರು,” ಎಂದರು ಯಜಮಾನರು.

“ನಾನ್ಯಾಕೆ ಸುಮ್ನಿರ್ಲಿ? ಒಣಮೀನು ಸುಟ್ಟಂಗೆ ವಾಸನೆ, ನಂಗೆ ನಿದ್ದೇನೇ ಇಲ್ಲ. ದೇವುಡಾ, ಹೇಳಿದ್ರೆ ಬೆಕ್ಕು ತಂದು ಹಾಕಿರ್ತದೆ ಅಂತಾನೆ. ಬೆಕ್ಕು ಮೀನು ಸುಟ್ಕೊಂಡು ತಿಂತದೇನೋ?”

ನಾನು ಎದ್ದು ನಿಂತೆ. ಸ್ವಿಚ್ಚು, ಜಾಯಿಂಟ್ ಡಬ್ಬಿಗಳಲ್ಲಿ ಬಳಸುವ ಪ್ಲಾಸ್ಟಿಕ್ಕು ಅತಿಯಾಗಿ ಕಾದಾಗ ಬರುವ ವಾಸನೆ ಮೀನಿನದ್ದೇ. ಈ ಕಸುಬಿನಲ್ಲಿರುವವರಿಗೆಲ್ಲ ಅದು ಗೊತ್ತು.

“ಎಲ್ಲಿ ಮಲಗ್ತೀರ ಅಜ್ಜಿ?”

ಅವರು ನಡುಮನೆಯ ಪಕ್ಕದ ಕೋಣೆ ತೋರಿಸಿದರು. ಮಂಚದ ಮೇಲ್ಗಡೆ ಮರದ ಹಲಗೆಯ ಅಟ್ಟ, ಮೀಟರ್ ಬೋರ್ಡಿನಿಂದ ಬಂದ ಲೈನು ಹಾದುಹೋಗುವುದೂ ಅದರೊಳಗೇ. ಅಟ್ಟದ ತುಂಬ ಮೇಣದ ಕಾಗದದ ಕಟ್ಟುಗಳು. ಚಾಕಿ ಹುಳುವಿನ ಸೊಪ್ಪು ಒಣಗದಂತೆ ತಟ್ಟೆಯ ಕೆಳಗೂ ಮೇಲೂ ಹಾಸುವ ಕಾಗದವದು, ಹೊತ್ತಿಕೊಂಡರೆ ಎಣ್ಣೆ ಬತ್ತಿಯಂತೆ ಉರಿಯುತ್ತದೆ.

“ಲೈನ್ ಆಫ್ ಮಾಡಣ ಸಾರ್. ಈಗಲೇ,” ಎಂದೆ.

ಯಜಮಾನರು ಅಡ್ಡ ನಿಂತರು. “ಏನ್ ಮಾತಾಡ್ತೀರ? ಹುಳ ಎರಡನೇ ಜ್ವರಕ್ಕೆ ಕೂರೋ ಹೊತ್ತು. ಹೊರಗಡೆ ಹೆಂಗಿದೆ ಚಳಿ ನೋಡಿ. ಮೂವತ್ತು ಜನ ರೈತರು ಕಾಯ್ತಾವ್ರೆ ನನ್ನ ಹುಳಕ್ಕೆ.”

“ಅಟ್ಟದಲ್ಲಿ ಬೆಂಕಿ ಇದೆ ಸಾರ್.”

“ಎಲ್ಲಿದೆ ಬೆಂಕಿ? ನೀವೇನ್ ನೋಡಿದ್ರಾ? ಲೆಕ್ಕದಲ್ಲಿದೆ ಅಂತ ಹೇಳ್ತೀರ. ಒಂದ್ ಕೆಲಸ ಮಾಡಣ. ಮೂರನೇ ಹೀಟರ್ ತೆಗೀತೀನಿ. ಎರಡರಲ್ಲೇ ಈ ಬ್ಯಾಚ್ ಮುಗಿಸ್ಕೊಂತೀನಿ. ಹುಳ ಹೋದ್ಮೇಲೆ ಗೋಡೆ ಬೇಕಾದ್ರೂ ಒಡೀರಿ.”

ಕೇಳಲು ಸಮಂಜಸವಾದ ಮಾತು. ವೈರ್‌ಮನ್ ತಲೆಯಾಡಿಸಿದ. ಒಂದು ಗಳಿಗೆ ನನ್ನ ಮನಸ್ಸೂ ಅತ್ತ ವಾಲಿತು. ಆ ಹುಳು ಹಿಂದೆ ಬಿದ್ದರೆ ಹೀಟರ್ ಮಾರಿದ ಅಂಗಡಿಯ ಹೆಂಗಸು ಬಂದು ಕರೆಂಟು ಕಿತ್ತು ಹುಳು ಕೆಡಿಸಿದಳು ಎಂದು ತಾಲ್ಲೂಕೆಲ್ಲ ಹೇಳುತ್ತಾರೆಂದು ನನಗೆ ಗೊತ್ತಿತ್ತು. ಮತ್ತೆ ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಎರಡೇ ಹೀಟರ್ ಇದ್ದರೆ ಕರೆಂಟು ಹದಿನಾಲ್ಕರ ಆಸುಪಾಸಿಗೆ ಇಳಿಯುತ್ತದೆ. ಆಗಲೂ ಆ ಒಂದು ಜಾಗದಲ್ಲಿ ನೂರ ಎಂಬತ್ತು ವ್ಯಾಟ್. ಹಳೆಯ ನೂರು ವ್ಯಾಟಿನ ಬಲ್ಬು ಎರಡನ್ನು ಕಾಗದದ ಕಟ್ಟಿನೊಳಗೆ ಸುತ್ತಿಟ್ಟಂತೆ. ಅದರ ಕೆಳಗೆ ಮಂಚ.

“ಆಗಲ್ಲ ಸಾರ್,” ಎಂದೆ. “ಲೆಕ್ಕ ತಪ್ಪಿದ್ರೆ ಎರಡು ಗಂಟೆ ಚಳಿ, ಅಷ್ಟೇ. ಸರಿಯಿದ್ರೆ?” ಅವರ ಉತ್ತರಕ್ಕೆ ಕಾಯದೆ ಮೀಟರ್ ಬೋರ್ಡಿಗೆ ಹೋಗಿ ಎಂಸಿಬಿ ಕೆಳಗಿಳಿಸಿದೆ.

ಅವರು ಬೈದರು. ಮಾಲೀಕರಿಗೆ ಫೋನ್ ಮಾಡಿ ಬೈದರು. ಮಾಲೀಕರು ನನಗೆ ಫೋನ್ ಮಾಡಿ ಬೈದರು. ಆ ಸುತ್ತು ಮುಗಿಯುವಷ್ಟರಲ್ಲಿ ಅಜ್ಜಿ ಬಾಂಡ್ಲಿಯಲ್ಲಿ ಇದ್ದಿಲು ಕೆಂಡ ಮಾಡಿ, ಕಿಟಕಿ ಒಂದಿಷ್ಟು ತೆರೆದು, ಹುಳು ಮನೆಯೊಳಗೆ ಇಟ್ಟು ಬಂದಿದ್ದರು. ಹೀಟರ್ ಬರುವ ಮೊದಲು ಎಲ್ಲರೂ ಹಾಗೆಯೇ ಸಾಕುತ್ತಿದ್ದರು.

ಅಟ್ಟಕ್ಕೆ ಏಣಿ ಹಾಕಿದೆವು. ವೈರ್‌ಮನ್ ಮೇಲೆ, ನಾನು ಹಿಂದೆ. ಕಾಗದದ ಕಟ್ಟುಗಳನ್ನು ಒಂದೊಂದಾಗಿ ಕೆಳಗೆ ಕೊಟ್ಟೆವು. ಅರ್ಧ ತೆಗೆಯುವಷ್ಟರಲ್ಲಿ ಅವನು ಕೈ ಹಿಂದಕ್ಕೆಳೆದುಕೊಂಡ. ಮೂಲೆಯಲ್ಲಿ, ಗೋಡೆಗೆ ಹತ್ತಿದ ಹಾಗೆ, ಅಂಗೈಯಗಲದ ಒಂದು ಜಾಯಿಂಟ್ ಡಬ್ಬಿ. ಮುಚ್ಚಳ ಬೆಲ್ಲದ ಪಾಕದಂತೆ ಇಳಿದುಹೋಗಿತ್ತು. ಒಳಗೆ ಎರಡು ವೈರುಗಳನ್ನು ಬರಿದೇ ತಿರುಚಿ ಟೇಪು ಸುತ್ತಿದ್ದರು. ಟೇಪು ಇದ್ದಿಲಾಗಿತ್ತು. ಪಕ್ಕಕ್ಕೆ ಒತ್ತಿಕೊಂಡಿದ್ದ ಕಾಗದದ ಕಟ್ಟಿನ ಅಂಚು ಕಂದಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು.

ವೈರ್‌ಮನ್ ಇದ್ದಿಲಾದ ಟೇಪನ್ನು ಉಗುರಿನಿಂದ ಕೆರೆದ. ಆಮೇಲೆ ನನ್ನ ಮುಖ ನೋಡದೆ, “ಅವತ್ತು ವೈರ್ ಸಾಲ್ಲಿಲ್ಲ ಮೇಡಂ. ಬೇರೆ ಸುರುಳಿ ಸೇರಿಸ್ದೆ. ಮರ್ತೇಹೋಗಿತ್ತು,” ಎಂದ.

ಕಟ್ಟನ್ನು ಯಜಮಾನರ ಕೈಗೆ ಕೊಟ್ಟೆ. ಅವರು ಅದನ್ನು ಹಿಡಿದುಕೊಂಡು ಮೇಲೆ ಅಟ್ಟ ನೋಡಿದರು, ಕೆಳಗೆ ಮಂಚ ನೋಡಿದರು. ಕಂದಿದ ಕಾಗದದ ಚೂರುಗಳು ತಾಯಿಯ ಕಂಬಳಿಯ ಮೇಲೆ ಬಿದ್ದಿದ್ದವು. ಅವನ್ನು ಒಂದೊಂದಾಗಿ ಹೆಕ್ಕಿದರು. ಆಮೇಲೆ ಕೇಳಿದ್ದು ಒಂದೇ ಮಾತು: “ಏನೇನು ತರ್ಬೇಕು ಹೇಳಿ.”

ಆರು ಚದರ ಮಿಲಿಮೀಟರಿನ ಕೇಬಲ್ ತರಬೇಕಿತ್ತು. ಶಿಡ್ಲಘಟ್ಟದ ಮೊದಲ ಅಂಗಡಿಯಲ್ಲಿ ಅಷ್ಟು ಉದ್ದದ್ದಿಲ್ಲ, ಎರಡನೆಯದರಲ್ಲಿ ಮಾಲೀಕ ಊಟಕ್ಕೆ ಹೋಗಿದ್ದ. ಯಜಮಾನರು ಫೋನಿನಲ್ಲಿ, “ಎರಡು ತುಂಡು ತಂದು ಸೇರಿಸಿದ್ರೆ ಆಗಲ್ವಾ ಮೇಡಂ?” ಎಂದರು. ಇಷ್ಟೆಲ್ಲ ಆದ ಮೇಲೆ! ಒಂದೇ ತುಂಡು ಸಿಗುವ ತನಕ ವಾಪಸ್ ಬರಬೇಡಿ ಎಂದು ನಾನು ಕಿರುಚಿದ್ದು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವರಿಗೂ ಕೇಳಿಸಿತಂತೆ.

ಕೇಬಲ್ ಬಂದ ಮೇಲೆ ವೈರ್‌ಮನ್ ಮತ್ತು ನಾನು ಸೇರಿ ಎಳೆದೆವು. ಕೆಲಸ ಅವನು ಅಚ್ಚುಕಟ್ಟಾಗಿಯೇ ಮಾಡಿದ. ಲೈನನ್ನು ಮನೆಯೊಳಗೆ ತರದೆ ಹೊರಗೋಡೆಯ ಮೇಲೆ ಪೈಪಿನಲ್ಲಿ ಒಯ್ದೆವು. ಮೂವತ್ತೆರಡರ ಎಂಸಿಬಿ ಕಿತ್ತು ಇಪ್ಪತ್ತರದ್ದು ಹಾಕಿದೆವು. ಎರಡೇ ಹೀಟರ್ ಹಚ್ಚಿ ಅಳೆದೆ. ಇನ್ನೂರ ಹನ್ನೊಂದು ವೋಲ್ಟ್, ಹದಿನಾರು ಆಂಪಿಯರ್. ಮೂರು ಸಾವಿರದ ಮುನ್ನೂರು ವ್ಯಾಟಿಗಿಂತ ಹೆಚ್ಚು. ಬೆಳಿಗ್ಗೆ ಮೂರು ಹೀಟರ್ ಕೊಟ್ಟಿದ್ದಕ್ಕಿಂತ ಈಗ ಎರಡೇ ಹೆಚ್ಚು ಕೊಡುತ್ತಿದ್ದವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಥರ್ಮಾಮೀಟರು ಇಪ್ಪತ್ತೇಳು ಮುಟ್ಟಿತು, ಅಲ್ಲಿಯೇ ನಿಂತಿತು.

ಅಷ್ಟಕ್ಕೆ ಎಲ್ಲವೂ ಸುಖವಾಗಿ ಮುಗಿಯಲಿಲ್ಲ. ಹುಳು ಅಷ್ಟು ದಿನ ತಿಂದ ಚಳಿಯ ಲೆಕ್ಕವನ್ನು ಕೇಬಲ್ ತೀರಿಸಲಾರದು. ರೈತರು ಹುಳು ಒಯ್ಯುವ ದಿನ ಲೈನ್ ನೋಡುವ ನೆಪದಲ್ಲಿ ನಾನೂ ಹೋದೆ. ನಿಜವಾಗಿ ನೋಡಬೇಕೆಂದಿದ್ದು ತಟ್ಟೆಗಳನ್ನು. ಹೆಚ್ಚಿನವು ಸಮವಾಗಿದ್ದವು. ಬಾಗಿಲ ಕಡೆಯ ಸಾಲಿನವು ಮಾತ್ರ ಹಿಂದೆ ಬಿದ್ದಿದ್ದವು, ಒಂದೇ ತಟ್ಟೆಯಲ್ಲಿ ದೊಡ್ಡವೂ ಚಿಕ್ಕವೂ ಬೆರೆತಿದ್ದವು. ಯಜಮಾನರು ಅವುಗಳನ್ನು ಬೆಳಿಗ್ಗೆಯೇ ಬೇರೆ ಮಾಡಿ ಗೋಡೆಯ ಪಕ್ಕ ಇಟ್ಟಿದ್ದರು.

ಚಿಂತಾಮಣಿ ಕಡೆಯ ರೈತನೊಬ್ಬ ಆ ರಾಶಿ ನೋಡಿ, “ಇವ್ಯಾಕಣ್ಣ ಪಕ್ಕಕ್ಕಿಟ್ಟೆ? ಯಾರಿಗಾದ್ರೂ ಕೊಟ್ಬಿಟ್ಟಿದ್ರೆ ಗೊತ್ತಾಗ್ತಿರ್ಲಿಲ್ಲ,” ಎಂದ.

“ನಿನ್ನ ತೋಟದ ಸೊಪ್ಪು ದಂಡ ಆಗ್ತದೆ ಕಣಪ್ಪ. ಇವು ನಂದೇ. ನಮ್ ತೋಟದಲ್ಲೇ ಸಾಕ್ಕೊಂತೀನಿ.” ಅವರು ಬೇರೇನೂ ವಿವರಿಸಲಿಲ್ಲ. ವಿದ್ಯುತ್ತು, ವೈರು, ಚಳಿ, ಯಾವುದರ ಮೇಲೂ ತಪ್ಪು ಹೊರಿಸಲಿಲ್ಲ.

ರೈತ ನನ್ನ ಕಡೆ ತಿರುಗಿ, “ಇವ್ರು ಹೀಟರ್ ರಿಪೇರಿ ಮಾಡೋರಾ? ನಮ್ಮನೇದೂ ಬಿಸಿ ಆಗ್ತಿಲ್ಲ,” ಎಂದ.

“ರಿಪೇರಿ ಮಾಡೋರಲ್ಲ,” ಎಂದರು ಯಜಮಾನರು, ತಟ್ಟೆಯ ಮೇಲಿನ ಕಾಗದ ಸರಿಪಡಿಸುತ್ತ. “ಹೀಟರ್ ಚೆನ್ನಾಗಿದೆ ಅಂತ ಹೇಳೋರು. ಕರ್ಕೊಂಡು ಹೋಗು. ಬೈಯ್ಬೇಡ.”